ಬೈಕುಲ್ಲಾದ ಮತಪೆಟ್ಟಿಗೆ, ಮೈದಾನದ ‘ನಮ್ಮವರು’

ಬೈಕುಲ್ಲಾ ನಿಲ್ದಾಣದ ಪೂರ್ವದಿಕ್ಕಿಗೆ ಇಳಿದು ರಾಣಿಬಾಗಿನ ಕಡೆ ನಡೆಯುವಾಗ, ಇದು ಒಂದು ಕಾಲಕ್ಕೆ ಕಾಲೇಜುಗಳ ಊರಾಗಿತ್ತು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಗ್ರಾಂಟ್ ವೈದ್ಯಕೀಯ ಕಾಲೇಜು 1845ರಿಂದ ಇಲ್ಲಿಯೇ ಇದೆ. ಎಲ್ಫಿನ್‌ಸ್ಟನ್ ಕಾಲೇಜು 1871ರಲ್ಲಿ ರಾಣಿಬಾಗಿನ ಎದುರಿನ ಕಟ್ಟಡಕ್ಕೆ ಬಂದು, ಹದಿನೇಳು ಹದಿನೆಂಟು ವರ್ಷ ಇಲ್ಲಿದ್ದು, ಆಮೇಲೆ ಕೋಟೆ ಪ್ರದೇಶಕ್ಕೆ ಹೋಯಿತು. ಅದು ಬಿಟ್ಟುಹೋದ ಮನೆಗೆ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆ ಬಂದು, 1923ರಲ್ಲಿ ಮಾಟುಂಗಾಕ್ಕೆ ತೆರಳುವವರೆಗೆ ಅಲ್ಲಿತ್ತು. ಇಷ್ಟೊಂದು ವಿದ್ಯಾರ್ಥಿಗಳು ಓಡಾಡಿದ ಈ ಊರಿನಲ್ಲಿ ಕಾಲೇಜು ತಂಡಗಳ ನಡುವಿನ ಹಣಾಹಣಿ ಹೇಗಿತ್ತು ಎಂದು ತಿಳಿಯುವ ಕುತೂಹಲದಿಂದ ನಾವು ಹೊರಟೆವು. ಹೋಗಿ ಮುಟ್ಟಿದ್ದು ಬೇರೆಯೇ ಒಂದು ಕಡೆಗೆ.

ಕಾಲೇಜಿನ ಹೆಸರಿನಲ್ಲಿ ಸಾವಿರಾರು ಜನ ಎರಡು ಪಾಳಯಗಳಾಗಿ ನಿಲ್ಲುವ ಪದ್ಧತಿ ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಬೇರುಬಿಟ್ಟದ್ದು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ 1827ರಲ್ಲಿಯೇ ಲಾರ್ಡ್ಸ್ ಮೈದಾನದಲ್ಲಿ ಕ್ರಿಕೆಟ್ ಆಡಿದವು. ಹಾರ್ವರ್ಡ್ ಮತ್ತು ಯೇಲ್ 1875ರಲ್ಲಿ ಫುಟ್‌ಬಾಲಿನಲ್ಲಿ ಎದುರಾದವು. ಇಂಥ ಸಂಪ್ರದಾಯಗಳ ಮೂಲವನ್ನು ಕೆದಕಿದರೆ ಸಿಗುವುದು ಬಹುಮಟ್ಟಿಗೆ ಆಕಸ್ಮಿಕಗಳೇ. ಹಾರ್ವರ್ಡಿನ ಕಡುಗೆಂಪು ಬಣ್ಣದ ಕಥೆಯನ್ನೇ ನೋಡಿ: 1858ರ ದೋಣಿಪಂದ್ಯವೊಂದರಲ್ಲಿ ತಮ್ಮವರನ್ನು ದೂರದಿಂದ ಗುರುತಿಸಲು ಪ್ರೇಕ್ಷಕರಿಗೆ ಅನುಕೂಲವಾಗಲೆಂದು ಇಬ್ಬರು ಆಟಗಾರರು ರೇಷ್ಮೆಯ ಕೆಂಪು ವಸ್ತ್ರಗಳನ್ನು ಕೊಂಡುತಂದು ಹಂಚಿದರು. ಆ ಬಣ್ಣ ಮುಂದೆ ವಿಶ್ವವಿದ್ಯಾಲಯದ ಗುರುತೇ ಆಯಿತು. ಅಂಗಡಿಯಲ್ಲಿ ಅಂದು ನೀಲಿ ಸಿಕ್ಕಿದ್ದರೆ ಚರಿತ್ರೆಯೂ ನೀಲಿಯಾಗುತ್ತಿತ್ತೇನೋ.

ಮುಂಬಯಿಯಲ್ಲಿಯೂ ಕಾಲೇಜುಗಳು ಪರಸ್ಪರ ಆಡಿದವು. 1935ರಲ್ಲಿ ಅಂತರ ವಿಶ್ವವಿದ್ಯಾಲಯಗಳ ರೋಹಿಂಟನ್ ಬಾರಿಯಾ ಟ್ರೋಫಿಯೂ ಆರಂಭವಾಯಿತು. ಆದರೆ ಊರಿಗೆ ಊರೇ ಪಾಳಯಗಳಾಗಿ ಒಡೆದು ನಿಂತದ್ದು ಕಾಲೇಜುಗಳ ಹೆಸರಿನಲ್ಲಿ ಅಲ್ಲ. ಇಲ್ಲಿ ತಂಡಗಳಿಗೆ ಹೆಸರಾದದ್ದು ಮತ. ಯುರೋಪಿಯನ್ನರು, ಪಾರ್ಸಿಗಳು, ಹಿಂದೂಗಳು, ಮುಸಲ್ಮಾನರು, ಕೊನೆಗೆ ‘ಉಳಿದವರು’ ಎಂಬ ಐದು ತಂಡಗಳು. ಕಾಲೇಜಿನ ತಂಡಕ್ಕೆ ಜೈಕಾರ ಹಾಕಬೇಕಾದರೆ ಆ ಕಾಲೇಜಿಗೆ ಸೇರಬೇಕು, ಇಲ್ಲವೇ ಸೇರಿದವರ ತಮ್ಮನಾದರೂ ಆಗಬೇಕು. ಈ ತಂಡಗಳಿಗೆ ಅಂಥ ಕಟ್ಟಳೆ ಇರಲಿಲ್ಲ. ಹುಟ್ಟಿದ ಮಗು ತೊಟ್ಟಿಲಲ್ಲಿರುವಾಗಲೇ ಯಾವುದೋ ಒಂದರ ಅಭಿಮಾನಿಯಾಗಿ ದಾಖಲಾಗಿಬಿಡುತ್ತಿತ್ತು.

ಇದು ಯಾರೋ ಒಬ್ಬರು ಕುಳಿತು ಹೂಡಿದ ಸಂಚಲ್ಲ. ಪಾರ್ಸಿ ಹುಡುಗರು 1848ರಲ್ಲಿ ಓರಿಯಂಟಲ್ ಕ್ರಿಕೆಟ್ ಕ್ಲಬ್ ಕಟ್ಟಿದಾಗ ಅವರಿಗೆ ಬೇಕಾಗಿದ್ದದ್ದು ಆಟ ಮಾತ್ರ. ಹಿಂದೂಗಳು ಅವರ ಹಿಂದೆ ಬಂದರು. ಆದರೆ ಬಂದದ್ದು ‘ಹಿಂದೂ’ಗಳಾಗಿ ಅಲ್ಲ. ಗೌಡ ಸಾರಸ್ವತ ಕ್ರಿಕೆಟ್ ಕ್ಲಬ್, ಕ್ಷತ್ರಿಯ ಕ್ರಿಕೆಟ್ ಕ್ಲಬ್, ಗುಜರಾತಿ ಯೂನಿಯನ್, ಮರಾಠಾ ಕ್ರಿಕೆಟ್ ಕ್ಲಬ್, ತೆಲುಗು ಯಂಗ್ ಕ್ರಿಕೆಟರ್ಸ್ ಎಂದು ಜಾತಿಗೊಂದು ಭಾಷೆಗೊಂದರಂತೆ ಕ್ಲಬ್ಬುಗಳು ಹುಟ್ಟಿದವು. ಜೊತೆಯಲ್ಲಿ ಆಡುವುದೆಂದರೆ ಜೊತೆಯಲ್ಲಿ ಉಣ್ಣುವುದು, ನೀರು ಕುಡಿಯುವುದು; ಅದು ಯಾರೊಡನೆ ಸಾಧ್ಯವಿತ್ತೋ ಅವರೊಡನೆ ಮಾತ್ರ ತಂಡ ಕಟ್ಟಿದರು. ನಮ್ಮ ಓದಿನಲ್ಲಿ, ಈ ತಂಡಗಳ ಮೂಲವನ್ನು ಬ್ಯಾಟು ಚೆಂಡುಗಳಿಗಿಂತ ಮೊದಲು ಊಟದ ಪಂಕ್ತಿಯಲ್ಲಿ ಹುಡುಕಬೇಕು.

ಎದುರಾಳಿತನಕ್ಕೆ ಕಿಡಿ ತಗುಲಿದ್ದು ನೆಲದ ಜಗಳದಿಂದ. 1875ರಲ್ಲಿ ಸ್ಥಾಪನೆಯಾದ ಬಾಂಬೆ ಜಿಮಖಾನಾ ಬಿಳಿಯರಿಗೆ ಮಾತ್ರ ಮೀಸಲು. ಅದರ ಸದಸ್ಯರು ಪೋಲೋ ಆಡಲು ತಮ್ಮ ಕುದುರೆಗಳನ್ನು ದೇಶೀಯರು ಕ್ರಿಕೆಟ್ ಆಡುತ್ತಿದ್ದ ಮೈದಾನಕ್ಕೆ ನುಗ್ಗಿಸಿದರು. ಗೊರಸುಗಳಿಂದ ಅಗೆದುಹೋದ ನೆಲದಲ್ಲಿ ಚೆಂಡು ಎತ್ತ ಪುಟಿಯುವುದೋ ದೇವರೇ ಬಲ್ಲ. ಪಾರ್ಸಿ ಮೊದಲಾದ ಆಟಗಾರರು ಸರಕಾರಕ್ಕೆ ಅರ್ಜಿಯ ಮೇಲೆ ಅರ್ಜಿ ಬರೆದರು. ಈ ಹೋರಾಟದ ಕಥೆಯನ್ನು ಶಾಪೂರ್ಜಿ ಸೊರಾಬ್ಜಿ ಎಂಬವರು 1897ರ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಆ ಜಗಳ ನಡೆಯುತ್ತಿದ್ದ ವರ್ಷಗಳಲ್ಲಿಯೇ ಪಾರ್ಸಿಗಳು ಜಿಮಖಾನಾದ ಬಿಳಿಯರನ್ನು ಆಟದಲ್ಲಿಯೂ ಎದುರಿಸಿದರು. 1877ರಲ್ಲಿ ಮೊದಲ ಪಂದ್ಯ. 1890ರಲ್ಲಿ ಇಂಗ್ಲೆಂಡಿನಿಂದ ಬಂದ ವರ್ನನ್ನನ ತಂಡದ ಮೇಲೆ ಜಯ. ಸರಕಾರ ಕಡೆಗೆ ಕಂಡುಕೊಂಡ ಪರಿಹಾರ ನೆಲವನ್ನು ಹಂಚುವುದು. ಸಮುದ್ರದ ದಂಡೆಯಲ್ಲಿ ಪಾರ್ಸಿಗಳಿಗೊಂದು, ಮುಸಲ್ಮಾನರಿಗೊಂದು, ಹಿಂದೂಗಳಿಗೊಂದು ಜಿಮಖಾನಾ. ಇಂದಿಗೂ ಮರೀನ್ ಡ್ರೈವಿನಲ್ಲಿ ಬಸ್ಸಿನ ಕಿಟಕಿಯಿಂದ ನೋಡುತ್ತ ಹೋದರೆ ಅವು ಒಂದರ ಪಕ್ಕ ಒಂದರಂತೆ ಕಾಣಸಿಗುತ್ತವೆ. ಅರ್ಜಿ ಕೊಟ್ಟವರು ಕೇಳಿದ್ದು ಆಡಲು ಒಂದು ಮೈದಾನ. ದೊರೆತದ್ದು ಮತಕ್ಕೊಂದು ಮೈದಾನ.

ಬಿಳಿಯರಿಗೂ ಪಾರ್ಸಿಗಳಿಗೂ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಪಂದ್ಯಕ್ಕೆ 1907ರಲ್ಲಿ ಹಿಂದೂಗಳು ಸೇರಿ ತ್ರಿಕೋನವಾಯಿತು, 1912ರಲ್ಲಿ ಮುಸಲ್ಮಾನರು ಸೇರಿ ಚತುಷ್ಕೋನವಾಯಿತು, 1937ರಲ್ಲಿ ‘ಉಳಿದವರು’ ಬಂದು ಪಂಚಕೋನವಾಯಿತು. ಈ ಲೆಕ್ಕ ಕ್ರಿಕೆಟ್ ಬಲ್ಲ ಎಲ್ಲರಿಗೂ ಗೊತ್ತಿರುವಂಥದು. ನಾವು ನಿಲ್ಲಬೇಕೆಂದುಕೊಂಡಿರುವುದು ಹಿಂದೂ ತಂಡದ ಒಬ್ಬ ಬೌಲರನ ಬಳಿ.

ಪಾಲವಣಕರ್ ಬಾಳೂ ಹುಟ್ಟಿದ್ದು ಧಾರವಾಡದಲ್ಲಿ, 1876ರಲ್ಲಿ. ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಊರು. ಈ ಒಂದು ಸಾಲನ್ನು ಹಿಡಿದು ಅವರನ್ನು ಕನ್ನಡಿಗರ ಪಟ್ಟಿಗೆ ಸೇರಿಸಿಬಿಡುವ ಉತ್ಸಾಹ ನಮ್ಮಲ್ಲಿ ಕೆಲವರಿಗೆ ಬಂದದ್ದುಂಟು. ಅದನ್ನು ನಾವೇ ಅದುಮಿಕೊಂಡೆವು. ಮನೆತನದ ಹೆಸರು ಕೊಂಕಣದ ಪಾಲವಣ ಎಂಬ ಊರಿನದು, ಮನೆಮಾತು ಮರಾಠಿ, ತಂದೆ ಸೇನೆಯಲ್ಲಿದ್ದವರು. ಜಾತಿಯಿಂದ ಚಾಂಭಾರರು, ಚರ್ಮದ ಕೆಲಸದವರೆಂದು ಊರು ಹೊರಗಿಟ್ಟ ಸಮುದಾಯ. ಪುಣೆಯಲ್ಲಿ ಬೆಳೆದ ಬಾಳೂ ಮತ್ತು ತಮ್ಮ ಶಿವರಾಮ ಸೇನೆಯ ಅಧಿಕಾರಿಗಳು ಬಿಟ್ಟುಕೊಟ್ಟ ಹಳೆಯ ಸಾಮಾನುಗಳಲ್ಲಿ ಆಟ ಕಲಿತರು. ಬಾಳೂ ಅವರಿಗೆ ಮೊದಲು ಸಿಕ್ಕಿದ ಕೆಲಸ ಪಾರ್ಸಿಗಳ ಕ್ಲಬ್ಬೊಂದರಲ್ಲಿ ಪಿಚ್ಚಿಗೆ ನೀರು ಹಾಕಿ ಗುಡಿಸುವುದು. ಸಂಬಳ ತಿಂಗಳಿಗೆ ಮೂರು ರೂಪಾಯಿ. ಅಲ್ಲಿಂದ ಬಿಳಿಯರ ಪೂನಾ ಕ್ಲಬ್ಬಿಗೆ ಹೋದ ಮೇಲೆ ಅಭ್ಯಾಸಕ್ಕೆ ಬೌಲಿಂಗ್ ಮಾಡುವ ಅವಕಾಶ ಬಂತು. ಗ್ರೆಗ್ ಎಂಬ ಹೆಸರಾಂತ ಬ್ಯಾಟುಗಾರ ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದನೆಂದು ಹೇಳುತ್ತಾರೆ. ಗಂಟೆಗಟ್ಟಲೆ ಎಡಗೈಯಿಂದ ಚೆಂಡು ತಿರುಗಿಸಿದ ಆ ಹುಡುಗನ ಕೈಗೆ ಒಮ್ಮೆಯಾದರೂ ಬ್ಯಾಟನ್ನು ಯಾರೂ ಕೊಡಲಿಲ್ಲ. ಇಂಗ್ಲೆಂಡಿನಂತೆಯೇ ಇಲ್ಲಿಯೂ ಬ್ಯಾಟಿಂಗ್ ಯಜಮಾನರ ಕೆಲಸ, ಬೌಲಿಂಗ್ ಆಳುಗಳ ಕೆಲಸ.

ಪುಣೆಯ ಹಿಂದೂಗಳಿಗೆ ಬಿಳಿಯರನ್ನು ಸೋಲಿಸಬೇಕಾಗಿತ್ತು. ಸೋಲಿಸಬಲ್ಲ ಬೌಲರು ಅಸ್ಪೃಶ್ಯ. ಚರ್ಚೆ ನಡೆಯಿತು, ಕ್ಲಬ್ಬು ಒಡೆಯುವಷ್ಟಾಯಿತು. ಕೊನೆಗೆ ಬಾಳೂ ತಂಡದೊಳಕ್ಕೆ ಬಂದರು. ಆದರೆ ಮೈದಾನದೊಳಕ್ಕೆ ಮಾತ್ರ. ಎಲ್ಲರೂ ಮುಟ್ಟಿದ ಚೆಂಡನ್ನೇ ಅವರೂ ಮುಟ್ಟುತ್ತಿದ್ದರು. ಚಹಾ ವಿರಾಮದಲ್ಲಿ ಉಳಿದವರು ಪೆವಿಲಿಯನ್ನಿನ ಒಳಗೆ ಪಿಂಗಾಣಿ ಬಟ್ಟಲಲ್ಲಿ ಕುಡಿದರೆ ಅವರಿಗೆ ಹೊರಗೆ, ಕುಡಿದು ಎಸೆಯುವ ಕುಡಿಕೆಯಲ್ಲಿ. ಊಟಕ್ಕೆ ಬೇರೆ ಮೇಜು. ಮುಖ ತೊಳೆಯಲು ನೀರು ಬೇಕಾದರೆ ಅವರದೇ ಜಾತಿಯ ಆಳು ತಂದು ಹೊಯ್ಯಬೇಕು. ಚೆಂಡಿಗೆ ತಗಲದ ಮೈಲಿಗೆ ಬಟ್ಟಲಿಗೆ ತಗಲುವುದು ಹೇಗೆ ಎಂದು ಅಂದು ಕೇಳಿದವರು ಇದ್ದರೋ ಇಲ್ಲವೋ, ವಿಕೆಟ್ಟುಗಳನ್ನಂತೂ ಯಾರೂ ಬೇಡವೆನ್ನಲಿಲ್ಲ.

1896ರಲ್ಲಿ ಪ್ಲೇಗು ಬಂದ ಕಾಲಕ್ಕೆ ಬಾಳೂ ಮುಂಬಯಿಗೆ ಬಂದರು. ಹಿಂದೂ ಜಿಮಖಾನಾದಲ್ಲಿ ಮತ್ತೆ ಅದೇ ಚರ್ಚೆ ನಡೆದು, ಮತ್ತೆ ಅದೇ ತೀರ್ಮಾನವಾಯಿತು. ರೈಲ್ವೆಯಲ್ಲಿ ನೌಕರಿ ದೊರೆಯಿತು. ಆಮೇಲೆ ಬಂದದ್ದು 1906ರ ಫೆಬ್ರವರಿ. ಬಾಂಬೆ ಜಿಮಖಾನಾದ ಮೈದಾನದಲ್ಲಿ ಹಿಂದೂಗಳು ಯುರೋಪಿಯನ್ನರನ್ನು ಎದುರಿಸಿದರು. ಹಿಂದೂಗಳು 242, ಯುರೋಪಿಯನ್ನರು 191. ಎರಡನೆಯ ಸರದಿಯಲ್ಲಿ ಹಿಂದೂಗಳು 160. ಗೆಲ್ಲಲು 212 ಬೇಕಾಗಿದ್ದ ಬಿಳಿಯರು 102ಕ್ಕೆ ಉರುಳಿದರು. ಬಾಳೂ ಕೈಯಿಂದ ಮೊದಲ ಸರದಿಯಲ್ಲಿ ಮೂರು, ಎರಡನೆಯದರಲ್ಲಿ ಐದು ವಿಕೆಟ್ಟುಗಳು ಬಂದವು. ಶಿವರಾಮರೂ ಅದೇ ತಂಡದಲ್ಲಿದ್ದರು. ಬಂಗಾಳದ ವಿಭಜನೆಯಾಗಿ ನಾಲ್ಕು ತಿಂಗಳಾಗಿತ್ತು, ಸ್ವದೇಶಿಯ ಬಿಸಿ ದೇಶದ ತುಂಬ ಹರಡಿತ್ತು; 109 ರನ್ನುಗಳ ಆ ಜಯ ಆಟದ ಜಯವಾಗಿಯಷ್ಟೇ ಉಳಿಯುವುದು ಸಾಧ್ಯವಿರಲಿಲ್ಲ. ‘ಇಂಡಿಯನ್ ಸೋಷಿಯಲ್ ರಿಫಾರ್ಮರ್’ ಪತ್ರಿಕೆ ಇದನ್ನು ಜಾತಿಯ ಕಟ್ಟು ಸಡಿಲಿಸಿದವರಿಗೆ ಒಲಿದ ಗೆಲುವೆಂದು ಕಂಡು ಬರೆಯಿತು.

1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಮೊದಲ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ಅದರ ಆಯ್ಕೆಯೂ ಮತವಾರು ಪಾಲಿನ ಲೆಕ್ಕದಲ್ಲಿಯೇ ನಡೆಯಿತು ಎಂಬುದನ್ನು ಮರೆಯಬಾರದು. ಮಹಾರಾಜರು ಆಟಕ್ಕಿಂತ ಔತಣಗಳಲ್ಲಿ ಹೆಚ್ಚು ತೊಡಗಿದ್ದರು. ತಂಡ ಸಾಲುಸಾಲಾಗಿ ಸೋತಿತು. ಬಾಳೂ ಒಬ್ಬರೇ 114 ವಿಕೆಟ್ ತೆಗೆದರು. ಹಿಂದಿರುಗಿದಾಗ ಮುಂಬಯಿಯ ದಲಿತರು ಅವರಿಗೆ ಸನ್ಮಾನ ಮಾಡಿದರು. ಆ ದಿನಗಳಲ್ಲಿ ಅಂಬೇಡಕರರು ಎಲ್ಫಿನ್‌ಸ್ಟನ್ ಕಾಲೇಜಿನ ವಿದ್ಯಾರ್ಥಿ, 1912ರಲ್ಲಿ ಅವರು ಬಿ.ಎ. ಮುಗಿಸಿದರು. ಅವರ ಪೀಳಿಗೆಯ ದಲಿತ ಯುವಕರಿಗೆ, ಬಿಳಿಯನನ್ನೂ ಮೇಲ್ಜಾತಿಯವನನ್ನೂ ಒಟ್ಟಿಗೆ ಅಚ್ಚರಿಗೊಳಿಸಿದ ತಮ್ಮವನೊಬ್ಬನ ಹೆಸರು ಏನಾಗಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಇಷ್ಟಾದರೂ ನಾಯಕನ ಪಟ್ಟ ಬಾಳೂ ಅವರಿಗೆ ಬರಲಿಲ್ಲ. ನಾಯಕನಾಗಿ ಆಯ್ಕೆಯಾದ ಎಂ. ಡಿ. ಪೈ ಅವರು 1913ರಲ್ಲಿ, ಈ ಗೌರವ ನ್ಯಾಯವಾಗಿ ಬಾಳೂ ಅವರಿಗೆ ಸಲ್ಲಬೇಕಿತ್ತು ಎಂದು ಬಹಿರಂಗವಾಗಿಯೇ ಹೇಳಿದರು. ಹೇಳಿದ್ದು ದೊಡ್ಡ ಮಾತೇ. ಪದ್ಧತಿ ಮಾತ್ರ ಅಲ್ಲಾಡಲಿಲ್ಲ. 1920ರಲ್ಲಿ ಬಾಳೂ ಅವರನ್ನು ತಂಡದಿಂದಲೇ ಬಿಟ್ಟಾಗ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ ಆಡುವುದಿಲ್ಲವೆಂದು ಹೊರಬಂದು, ಕಾರಣವನ್ನು ಪತ್ರಿಕೆಗಳ ಮೂಲಕ ಜನರ ಮುಂದಿಟ್ಟರು. ಮುಂದಿನ ಪಂದ್ಯಕ್ಕೆ ಬಾಳೂ ಉಪನಾಯಕರಾಗಿ ಬಂದರು. 1923ರಲ್ಲಿ ವಿಠ್ಠಲರನ್ನು ನಾಯಕರನ್ನಾಗಿ ಮಾಡಲೇಬೇಕಾಯಿತು. ಅವರ ತಂಡ ಯುರೋಪಿಯನ್ನರನ್ನು ಸೋಲಿಸಿದ ದಿನ ಅಭಿಮಾನಿಗಳು ವಿಠ್ಠಲರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಒಂದು ಪೀಳಿಗೆಯ ಹಿಂದೆ ಅಣ್ಣನಿಗೆ ಕುಡಿಕೆಯಲ್ಲಿ ಚಹಾ ಕೊಟ್ಟ ಸಮಾಜ ಇಂದು ತಮ್ಮನಿಗೆ ಹೆಗಲು ಕೊಟ್ಟಿತ್ತು. ಈ ಬದಲಾವಣೆಯನ್ನು ಅಭಿಮಾನಿಗಳ ಹುಚ್ಚೆಂದು ತಳ್ಳಿಹಾಕಲು ನಮಗೆ ಮನಸ್ಸು ಬಾರದು. ಸುಧಾರಕರ ಭಾಷಣಗಳು ಮಾಡಲಾಗದ್ದನ್ನು ‘ನಮ್ಮವರು ಗೆಲ್ಲಬೇಕು’ ಎಂಬ ಬಯಕೆ ಅಷ್ಟಿಷ್ಟಾದರೂ ಮಾಡಿತು. ಆದರೆ ಅದು ಸಾಗಿದ್ದು ಗೆಲುವಿನ ಮೆರವಣಿಗೆ ಮುಗಿಯುವಲ್ಲಿಯವರೆಗೆ ಮಾತ್ರ, ಹೆಗಲ ಮೇಲಿಂದ ಇಳಿಸಿದ ಮೇಲೆ ಮನೆಗೆ ಕರೆದವರೆಷ್ಟು ಮಂದಿ ಎಂದೂ ಕೇಳಬೇಕಾಗುತ್ತದೆ.

ಚತುಷ್ಕೋನದ ದಿನಗಳು ಮುಂಬಯಿಗೆ ಜಾತ್ರೆಯಿದ್ದಂತೆ. ಟಿಕೆಟ್ ಸಿಗದವರು ಮರ ಹತ್ತುತ್ತಿದ್ದರು. ಜಿಮಖಾನಾದ ಮೈದಾನದ ಸುತ್ತ ಮತಕ್ಕೊಂದರಂತೆ ಗುಡಾರಗಳು. ಯಾರು ಎಲ್ಲಿ ಕೂರಬೇಕೆಂಬುದು ಹುಟ್ಟಿನಿಂದಲೇ ನಿಶ್ಚಿತ. 1934ರಲ್ಲಿ ಎ. ಎಫ್. ಎಸ್. ತಲ್ಯಾರ್‌ಖಾನ್ ಆಕಾಶವಾಣಿಯಲ್ಲಿ ಮುಸಲ್ಮಾನರು ಮತ್ತು ಪಾರ್ಸಿಗಳ ಪಂದ್ಯದ ವೀಕ್ಷಕ ವಿವರಣೆ ಕೊಟ್ಟ ಮೇಲೆ ಮೈದಾನಕ್ಕೆ ಹೋಗದವರೂ ಪ್ರೇಕ್ಷಕರಾದರು. ಆ ಹೊತ್ತಿಗೆ ಕೂರುವ ಜಾಗವೇ ಒಂದು ರಾಜಕೀಯವಾಗಿತ್ತು. 1937ರ ಡಿಸೆಂಬರಿನಲ್ಲಿ ಬ್ರೇಬೋರ್ನ್ ಕ್ರೀಡಾಂಗಣ ತೆರೆದಾಗ, ಆಸನಗಳ ಹಂಚಿಕೆಯಲ್ಲಿ ತಮ್ಮ ಪಾಲು ಕಡಿಮೆಯಾಯಿತೆಂದು ಹಿಂದೂ ಜಿಮಖಾನಾ ಆ ವರ್ಷದ ಪಂದ್ಯಗಳಿಂದಲೇ ಹೊರಗುಳಿಯಿತು. ಕ್ರೈಸ್ತರು, ಆಂಗ್ಲೋ ಇಂಡಿಯನ್ನರು, ಯಹೂದಿಗಳು ಮೊದಲಾದವರನ್ನು ಕೂಡಿಸಿ ಮಾಡಿದ ‘ಉಳಿದವರು’ ತಂಡ ಒಳಬಂದದ್ದೂ ಆಗಲೇ. ಬೈಕುಲ್ಲಾದವರಿಗೆ ಈ ಹೆಸರು ವಿಚಿತ್ರವಾಗಿ ಕೇಳಿಸಿರಬೇಕು. ಗ್ಲೋರಿಯಾ ಚರ್ಚಿನ ಕ್ರೈಸ್ತರು, ಡೇವಿಡ್ ಸಸೂನ್ ಕಟ್ಟಿಸಿದ ಮಾಗೆನ್ ಡೇವಿಡ್ ಸಿನಗಾಗಿನ ಬಾಗ್ದಾದಿ ಯಹೂದಿಗಳು ಎಲ್ಲರೂ ಒಂದೇ ಕರೆಯಳತೆಯಲ್ಲಿ ಬಾಳುತ್ತಿದ್ದ ಪೇಟೆ ಅದು. ಅಲ್ಲಿ ಬಹುಸಂಖ್ಯೆಯವರನ್ನು ಎಣಿಸಿ ಮಿಕ್ಕವರನ್ನು ‘ಉಳಿದವರು’ ಎಂದರೆ ಬೀದಿಯ ಒಂದು ಬದಿಯೇ ಉಳಿದವರಾಗಿಬಿಡುತ್ತಿತ್ತು.

ಆಸನಗಳ ಆ ಜಗಳಕ್ಕೆ ಹತ್ತು ತಿಂಗಳ ಮೊದಲು, ಅದೇ 1937ರ ಫೆಬ್ರವರಿಯಲ್ಲಿ, ಬೈಕುಲ್ಲಾ ಮತ್ತು ಪರೇಲನ್ನು ಒಳಗೊಂಡ ಕ್ಷೇತ್ರದಲ್ಲಿ ಇನ್ನೊಂದು ಹಣಾಹಣಿ ನಡೆದಿತ್ತು. ಪ್ರಾಂತೀಯ ಶಾಸನಸಭೆಗೆ ದಲಿತರಿಗೆ ಮೀಸಲಾದ ಸ್ಥಾನ. ಒಂದು ಕಡೆ ಹಿಂದಿನ ವರ್ಷವಷ್ಟೇ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದ್ದ ಡಾ. ಅಂಬೇಡಕರ್. ಎದುರಿಗೆ ಕಾಂಗ್ರೆಸ್ಸಿನ ಹುರಿಯಾಳಾಗಿ ಪಾಲವಣಕರ್ ಬಾಳೂ.

ಇಬ್ಬರ ನಡುವಿನ ಭೇದ ಹಠಾತ್ತನೆ ಹುಟ್ಟಿದ್ದಲ್ಲ. ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೆಂದು ಅಂಬೇಡಕರರು ವಾದಿಸಿದಾಗ ಬಾಳೂ ಜಂಟಿ ಮತಕ್ಷೇತ್ರದ ಪರವಾಗಿದ್ದರು. 1932ರ ಪೂನಾ ಒಪ್ಪಂದಕ್ಕೆ ಇಬ್ಬರೂ ಸಹಿ ಹಾಕಿದರು; ಒಬ್ಬರು ಗಾಂಧಿಯವರ ಉಪವಾಸದ ಒತ್ತಡಕ್ಕೆ ಸಿಕ್ಕು, ಇನ್ನೊಬ್ಬರು ನಂಬಿಕೆಯಿಂದ. ಆ ಒಪ್ಪಂದದ ಫಲವಾಗಿಯೇ ಬೈಕುಲ್ಲಾದ ಮೀಸಲು ಸ್ಥಾನಕ್ಕೆ ದಲಿತರ ಜೊತೆಗೆ ಸವರ್ಣ ಹಿಂದೂಗಳೂ ಮತ ಹಾಕುವಂತಾಯಿತು. ಅಂದರೆ ಒಂದು ಕಾಲದಲ್ಲಿ ಗುಡಾರದಲ್ಲಿ ಕುಳಿತು ಬಾಳೂ ಅವರ ಚೆಂಡಿಗೆ ಕೂಗಿದ್ದವರು ಈಗ ಮತಚೀಟಿ ಹಿಡಿದು ನಿಂತಿದ್ದರು.

ಅರುವತ್ತು ದಾಟಿದ ಹಳೆಯ ಆಟಗಾರನನ್ನು ಕಾಂಗ್ರೆಸ್ಸು ಏಕೆ ಆರಿಸಿತೆಂಬುದು ಗುಟ್ಟೇನಲ್ಲ. ಅಂಬೇಡಕರರೆದುರು ನಿಲ್ಲಿಸಬಹುದಾದ, ದಲಿತರ ಮನೆಮನೆಗೂ ಗೊತ್ತಿರುವ ಇನ್ನೊಂದು ಹೆಸರು ಬಾಳೂ ಅವರದೇ. ಅಭಿಮಾನವನ್ನು ಮತವಾಗಿ ಪರಿವರ್ತಿಸುವ ಇಂದಿನ ಚುನಾವಣಾ ತಂತ್ರಕ್ಕೆ ನಮ್ಮ ದೇಶದಲ್ಲಿ ಇಷ್ಟು ಹಳೆಯ ಉದಾಹರಣೆ ಇನ್ನೊಂದಿದೆಯೋ ಕಾಣೆವು. ಎಣಿಕೆಯಾದಾಗ ಅಂಬೇಡಕರರಿಗೆ 13,245 ಮತ, ಬಾಳೂ ಅವರಿಗೆ 11,225. ಅಂತರ ಎರಡು ಸಾವಿರ ಚಿಲ್ಲರೆ. ಅಂಬೇಡಕರರ ಎತ್ತರವನ್ನು ಇಂದಿನ ಕಣ್ಣಿನಿಂದ ನೋಡುವ ನಮಗೆ ಈ ಅಂತರ ಇಷ್ಟು ಕಡಿಮೆಯೇ ಎಂದು ಆಶ್ಚರ್ಯವಾಗುತ್ತದೆ. ಆದರೆ ಪರೇಲಿನ ಚಾಳಿನಲ್ಲಿ ಎರಡು ದಶಕ ಬಾಳಿ, ಗಿರಣಿ ಕಾರ್ಮಿಕರ ನಡುವೆ ಬೆಳೆದ ನಾಯಕ ಗೆದ್ದದ್ದು ಸಹಜವೆಂದೇ ನಮಗೆ ತೋರುತ್ತದೆ. ಬಾಳೂ ಅವರ ಸೋಲನ್ನು ದ್ರೋಹಕ್ಕೆ ತಕ್ಕ ಶಾಸ್ತಿ ಎಂಬಂತೆ ಬರೆಯುವವರಿದ್ದಾರೆ. ಅದು ಅನ್ಯಾಯ. ಹಿಂದೂ ಎಂಬ ಹೆಸರಿನ ಅಂಗಿ ತೊಟ್ಟು ಆಡಿದವರು, ಆ ಹೆಸರಿನೊಳಗೆ ತಮಗೊಂದು ಜಾಗ ಕೊನೆಗೂ ಸಿಕ್ಕೀತೆಂದು ನಂಬಿದವರು ಅವರು. ನಂಬಲು ಅವರ ಬಳಿ ತಮ್ಮನ ಮೆರವಣಿಗೆಯ ಸಾಕ್ಷ್ಯವಿತ್ತು. ಅಂಬೇಡಕರರ ಬಳಿ ಕುಡಿಕೆಯ ಸಾಕ್ಷ್ಯವಿತ್ತು.

1937 ಎಂಬ ವರ್ಷ ಇನ್ನೂ ಒಂದು ಕಾರಣಕ್ಕೆ ನಮ್ಮ ಗಮನ ಸೆಳೆಯುತ್ತದೆ, ಅದೂ ಕನ್ನಡನಾಡಿನ ಕಡೆಯಿಂದ, ಅದೂ ಫುಟ್‌ಬಾಲಿನಲ್ಲಿ. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಆರಂಭವಾದದ್ದು. ಮೊದಲ ನಾಲ್ಕೂವರೆ ದಶಕ ಅದು ಬ್ರಿಟಿಷ್ ಸೇನೆಯ ಪಡೆಗಳ ಸೊತ್ತು. 1923ರಲ್ಲಿ ಮೋಹನ್ ಬಗಾನ್ ಅಂತಿಮ ಪಂದ್ಯದವರೆಗೆ ಬಂದು ಡರ್ಹಮ್ ಲೈಟ್ ಇನ್‌ಫೆಂಟ್ರಿಗೆ ಸೋತಿತು. ಕಪ್ಪನ್ನು ಸೈನಿಕರ ಕೈಯಿಂದ ಮೊದಲು ಕಿತ್ತುಕೊಂಡ ಭಾರತೀಯ ತಂಡ ‘ಬೆಂಗಳೂರು ಮುಸ್ಲಿಮ್ಸ್’, 1937ರಲ್ಲಿ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬೀಡುಬಿಟ್ಟಿದ್ದ ಪಡೆಗಳು ಆಡುವುದನ್ನು ನೋಡಿ ಅಲ್ಲಿನ ಹುಡುಗರು ಬೂಟಿಲ್ಲದ ಕಾಲಿನಲ್ಲಿ ಕಲಿತ ಆಟ ಅದು. ಮರುವರ್ಷ ಆರ್ಗೈಲ್ ಮತ್ತು ಸದರ್ಲೆಂಡ್ ಹೈಲ್ಯಾಂಡರ್ಸ್ ಪಡೆಯನ್ನು ಸೋಲಿಸಿ ಕಪ್ಪನ್ನು ಉಳಿಸಿಕೊಂಡರು.

ಆದರೆ 1937ರ ಅಂತಿಮ ಪಂದ್ಯದ ಎದುರಾಳಿ ಬಿಳಿಯರಾಗಿರಲಿಲ್ಲ. ಕಲ್ಕತ್ತೆಯ ಲೀಗನ್ನು 1934ರಿಂದ ಬಿಟ್ಟುಕೊಡದೆ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್. ಎರಡೂ ತಂಡಗಳ ಹೆಸರಿನಲ್ಲಿ ಒಂದೇ ಮತ. ಕ್ರಿಕೆಟ್ಟಿನ ಗುಡಾರದಲ್ಲಿ ಎಲ್ಲಿ ಕೂರಬೇಕೆಂದು ಹುಟ್ಟಿನಿಂದಲೇ ತಿಳಿದಿದ್ದ ಮುಂಬಯಿಯ ಮುಸಲ್ಮಾನ ಪ್ರೇಕ್ಷಕನಿಗೆ, ಬೈಕುಲ್ಲಾ ಆಚೀಚಿನ ನಾಗಪಾಡಾ ಮದನ್‌ಪುರಾಗಳಿಂದ ಕೂಪರೇಜಿಗೆ ನಡೆದುಬಂದವನಿಗೆ, ಅಂದು ಹೆಸರು ದಾರಿ ತೋರಿಸಲಾರದು. ಕೀರ್ತಿವಂತ ಕಲ್ಕತ್ತೆಯೋ, ಅಷ್ಟಾಗಿ ಗೊತ್ತಿಲ್ಲದ ಬೆಂಗಳೂರೋ? ಆಟವನ್ನೇ ನೋಡಿ ತೀರ್ಮಾನಿಸಬೇಕು. ಗೆದ್ದದ್ದು ಬೆಂಗಳೂರು, ಒಂದೇ ಗೋಲಿನಿಂದ. 1940ರಲ್ಲಿ ಅವೇ ಎರಡು ತಂಡಗಳು ಮತ್ತೆ ಎದುರಾದಾಗ ಮೊಹಮ್ಮಡನ್ ಸ್ಪೋರ್ಟಿಂಗ್ ಸೇಡು ತೀರಿಸಿಕೊಂಡಿತು. ದೇಶ ಒಡೆದ ಮರುವರ್ಷ, 1948ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ಅದೇ ಹೆಸರನ್ನು ಹೊತ್ತು ಮುಂಬಯಿಗೆ ಬಂದು ಮೋಹನ್ ಬಗಾನನ್ನು ಸೋಲಿಸಿ ಮೂರನೆಯ ಬಾರಿ ಕಪ್ಪು ಗೆದ್ದಿತು. ಆ ಹೊತ್ತಿನಲ್ಲಿ, ಆ ಹೆಸರಿನಲ್ಲಿ. ಕರ್ನಾಟಕದ ಕ್ರೀಡಾಚರಿತ್ರೆಯಲ್ಲಿ ಈ ಹನ್ನೊಂದು ಮಂದಿಗೆ ದೊರೆಯಬೇಕಾದಷ್ಟು ಪುಟಗಳು ದೊರೆತಿಲ್ಲ ಎಂಬುದು ನಮ್ಮ ದೂರು.

ಪಂಚಕೋನದ ಕೊನೆ ಹೆಚ್ಚು ಹೇಳುವಂಥದಲ್ಲ. 1940ರ ಡಿಸೆಂಬರಿನಲ್ಲಿ ಹಿಂದೂ ಜಿಮಖಾನಾದವರು ಗಾಂಧಿಯವರ ಸಲಹೆ ಕೇಳಲು ಹೋದರು. ಸತ್ಯಾಗ್ರಹಿಗಳು ಸೆರೆಯಲ್ಲಿರುವಾಗ ಉತ್ಸವವೇಕೆ ಎಂಬುದರ ಜೊತೆಗೆ, ಆಟದಲ್ಲಿ ಮತಗಳ ವಿಂಗಡಣೆಯೇ ತಮಗೆ ಹಿಡಿಸದೆಂದು ಅವರು ಹೇಳಿಬಿಟ್ಟರು. ಪತ್ರಿಕೆಗಳಲ್ಲಿ ವಾದವಿವಾದ ಎದ್ದಿತು. ಪಂದ್ಯಗಳೂ ನಡೆದವು, ಜನರೂ ಬಂದರು. ಹಿಂದೂಗಳೆದುರು ‘ಉಳಿದವರು’ 387 ರನ್ ಗಳಿಸಿದಾಗ ಅದರಲ್ಲಿ 309 ವಿಜಯ್ ಹಜಾರೆ ಒಬ್ಬರದೇ. ಉಳಿದವರ ತಂಡದಲ್ಲಿ ನಿಜವಾಗಿ ಉಳಿದವರ ಪಾಲು ಎಷ್ಟೆಂದು ಅಂದು ಲೆಕ್ಕವಾಯಿತು. 1946ಕ್ಕೆ ಪಂಚಕೋನ ನಿಂತುಹೋಯಿತು. 1934ರಲ್ಲಿ ಆರಂಭವಾಗಿ ಅದರ ನೆರಳಿನಲ್ಲಿಯೇ ಇದ್ದ, ಪ್ರಾಂತಗಳ ಹೆಸರಿನ ರಣಜಿ ಟ್ರೋಫಿ ಮುಂದೆ ಬಂತು.

ಈ ಚರಿತ್ರೆಯನ್ನು ಮುಂಬಯಿಯ ಕನ್ನಡಿಗರಾದ ನಾವು ಹೊರಗೆ ನಿಂತು ನೋಡಿ ನಗುವ ಹಾಗಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಇಲ್ಲಿ ಹುಟ್ಟಿದ್ದು 1902ರಲ್ಲಿ, ಬಂಟರ ಸಂಘ 1927ರಲ್ಲಿ. ಭಾಷೆಯ ಅಥವಾ ನಾಡಿನ ಹೆಸರಿನ ಮೈಸೂರು ಅಸೋಸಿಯೇಷನ್ (1926), ಕರ್ನಾಟಕ ಸಂಘ (1933) ಅವುಗಳ ಜೊತೆಜೊತೆಗೆ ಬೆಳೆದವು. ಜಾತಿಯ ಸಂಘಗಳೇ ರಾತ್ರಿಶಾಲೆ ನಡೆಸಿ, ಹೋಟೆಲಿನಲ್ಲಿ ದುಡಿಯುವ ಹುಡುಗರಿಗೆ ಅಕ್ಷರ ಕಲಿಸಿದವು. ಊರು ಬಿಟ್ಟು ಬಂದವನಿಗೆ ಮೊದಲು ಮಲಗಲು ಚಾಪೆ ಕೊಟ್ಟದ್ದು ಜಾತಿಯೇ ಎಂಬುದನ್ನು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಗೌಡ ಸಾರಸ್ವತ ಕ್ರಿಕೆಟ್ ಕ್ಲಬ್ಬಿನ ಹುಡುಗರೂ ಇದೇ ಕಾರಣಕ್ಕೆ ಒಟ್ಟಾದವರು. ಆದರೆ ನಮ್ಮ ಸಂಘಗಳ ವಾರ್ಷಿಕ ಕ್ರೀಡೋತ್ಸವಗಳಲ್ಲಿ ತಂಡಗಳ ಹೆಸರು ಓದುವಾಗ, ಕನ್ನಡ ಮಾತನಾಡುವವರಾಗಿದ್ದೂ ಯಾವ ತಂಡದಲ್ಲಿಯೂ ಹೆಸರಿಲ್ಲದವರು ಯಾರು ಎಂದು ಇತ್ತೀಚೆಗೆ ನಾವು ನಮ್ಮನ್ನೇ ಕೇಳಿಕೊಳ್ಳುತ್ತಿದ್ದೇವೆ. ಉತ್ತರ ಅಷ್ಟು ಹಿತವಾಗಿಲ್ಲ.

ಪ್ರಾಂತದ ಹೆಸರಿನ ಅಭಿಮಾನವಾದರೂ ಸರಳವೇ? 1958ರಿಂದ 1973ರವರೆಗೆ ಹದಿನೈದು ಬಾರಿ ಸತತವಾಗಿ ರಣಜಿ ಗೆದ್ದಿದ್ದ ಮುಂಬಯಿಯನ್ನು ಕರ್ನಾಟಕ 1974ರ ಸೆಮಿಫೈನಲಿನಲ್ಲಿ ಬೆಂಗಳೂರಿನಲ್ಲಿ ತಡೆಯಿತು. ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲರ ಶತಕ, ಗವಾಸ್ಕರರ ವಿಕೆಟ್ ಹಾರಿಸಿದ ಪ್ರಸನ್ನರ ಚೆಂಡು, ವಾಡೇಕರರ ರನೌಟ್: ನಮ್ಮ ಹಿರಿಯರು ಇವನ್ನೆಲ್ಲ ಇಂದಿಗೂ ನಿನ್ನೆ ನಡೆದಂತೆ ಹೇಳುತ್ತಾರೆ. ಮರುದಿನ ಕಚೇರಿಗೆ ಹೋಗುವಾಗ ಲೋಕಲ್ ರೈಲಿನಲ್ಲಿ ಮುಖ ಗಂಭೀರವಾಗಿಟ್ಟುಕೊಳ್ಳಲು ಪಟ್ಟ ಪಾಡನ್ನೂ ಹೇಳುತ್ತಾರೆ. ಅನ್ನ ಕೊಟ್ಟ ಊರು ಸೋತಾಗ ಬಹಿರಂಗವಾಗಿ ಹಿಗ್ಗುವುದು ಸಭ್ಯತೆಯಲ್ಲವಷ್ಟೆ.

ಮೂವತ್ತಾರು ವರ್ಷದ ಅನಂತರ, 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಅವೇ ಎರಡು ತಂಡಗಳ ಅಂತಿಮ ಪಂದ್ಯ. ಗೆಲ್ಲಲು 338 ಬೇಕಾಗಿದ್ದ ಕರ್ನಾಟಕಕ್ಕೆ ಮನೀಷ್ ಪಾಂಡೆ 144 ಹೊಡೆದುಕೊಟ್ಟರೂ, ತಂಡ 331ಕ್ಕೆ ಮುಗಿಯಿತು. ಸಂಕ್ರಾಂತಿಯ ಹೊತ್ತು, ಮನೆಗಳಲ್ಲಿ ಎಳ್ಳುಬೆಲ್ಲದ ತಟ್ಟೆಗಳು. ನಮ್ಮಲ್ಲೊಬ್ಬರು ಟಿವಿಯ ಮುಂದೆ ಮಾತಿಲ್ಲದೆ ಕುಳಿತಿದ್ದಾಗ, ಇಲ್ಲಿಯೇ ಹುಟ್ಟಿ ಇಲ್ಲಿಯ ಶಾಲೆಗೆ ಹೋಗುವ ಅವರ ಮಗಳು ಕುಣಿಯುತ್ತ ಬಂದು ಅಪ್ಪನ ಮುಖ ನೋಡಿ ನಿಂತಳಂತೆ. ‘ಅಪ್ಪಾ, ನಮ್ಮವರೇ ಗೆದ್ದರಲ್ಲ, ನೀನ್ಯಾಕೆ ಹೀಗೆ ಕೂತಿದ್ದೀಯ?’